ವಿಲ್ಬರ್‌ಫೋರ್ಸ್: ಒಂದು ವಿರಳ ಕುಲನಾಮದ ಮೂಲ ಮತ್ತು ಹರಹು

ಸಂತ ಲೂಕರ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಹೆಸರಿಡುವ ಪ್ರಸಂಗವೊಂದಿದೆ. ಜಕರೀಯ ಮತ್ತು ಎಲಿಜಬೇತರ ಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡಿಸಲು ಕೂಡಿದ್ದ ನೆಂಟರಿಷ್ಟರು ತಂದೆಯ ಹೆಸರನ್ನೇ ಮಗನಿಗೂ ಇಡಬೇಕೆಂದಿದ್ದರು. ತಾಯಿ ಒಪ್ಪಲಿಲ್ಲ, ಮಗುವಿನ ಹೆಸರು ಯೊವಾನ್ನ ಎಂದರು. ನಿಮ್ಮ ಬಂಧುಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂಬುದು ನೆಂಟರ ಆಕ್ಷೇಪಣೆ. ಮಾತು ನಿಂತುಹೋಗಿದ್ದ ಜಕರೀಯ ಹಲಗೆಯ ಮೇಲೆ ಅದೇ ಹೆಸರನ್ನು ಬರೆದು ತೋರಿಸಿದಾಗ ಆ ಚರ್ಚೆ ಮುಗಿಯಿತು. ಯೊವಾನ್ನ ಎಂದರೆ ದೇವರು ಕೃಪೆ ತೋರಿದ್ದಾರೆ ಎಂದರ್ಥ. ಹೆಸರು ಕುಲದ ಸೊತ್ತೇ, ಅಥವಾ ಕೊಡುಗೆಯೇ ಎಂಬ ಪ್ರಶ್ನೆ ಈ ಪ್ರಸಂಗದ ಒಳಗಿದೆ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇಂಗ್ಲೆಂಡಿನ ಒಂದು ವಿರಳ ಕುಲನಾಮದ ಇತಿಹಾಸವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ಕುಲನಾಮ ವಿಲ್ಬರ್‌ಫೋರ್ಸ್. ಗುಲಾಮ ವ್ಯಾಪಾರದ ವಿರುದ್ಧ ಬ್ರಿಟಿಷ್ ಸಂಸತ್ತಿನಲ್ಲಿ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸರಿಂದಾಗಿ ಈ ಹೆಸರು ಲೋಕಪ್ರಸಿದ್ಧವಾಯಿತು. ಆದರೆ ಅದನ್ನು ಕುಲನಾಮವಾಗಿ ಧರಿಸಿದವರು ಬ್ರಿಟನ್ನಿನಲ್ಲಿ ಎಂದೂ ಕೆಲವೇ ಮಂದಿ. ಕುಲನಾಮಗಳನ್ನು ಅಭ್ಯಾಸ ಮಾಡುವವರು ಸಾಮಾನ್ಯವಾಗಿ ಹೆಸರಿನ ವಾರಸುದಾರರನ್ನು ಎಣಿಸಿ, ಅವರ ನೆಲೆಗಳನ್ನು ಭೂಪಟದ ಮೇಲೆ ಗುರುತಿಸುತ್ತಾರೆ. ಆ ಕ್ರಮವನ್ನು ಇಲ್ಲಿಯೂ ಅನುಸರಿಸಬಹುದು. ಆದರೆ ಅದೊಂದರಿಂದಲೇ ಈ ಹೆಸರಿನ ಹರಹು ತಿಳಿಯದು. ಹೆಸರು ರಕ್ತಸಂಬಂಧದಿಂದ ಇಳಿದು ಬರುತ್ತದೆ, ಬಲವಂತದಿಂದ ಹೇರಲ್ಪಡುತ್ತದೆ, ಪ್ರೀತಿಯಿಂದ ಕೊಡಲ್ಪಟ್ಟು ಸ್ವೀಕೃತವಾಗುತ್ತದೆ. ಈ ಮೂರು ದಾರಿಗಳೂ ವಿಲ್ಬರ್‌ಫೋರ್ಸ್ ಎಂಬ ಹೆಸರಿನ ಸುತ್ತ ಒಂದೇ ಶತಮಾನದಲ್ಲಿ ಕೂಡಿಬಂದಿವೆ.

ಊರು ಮತ್ತು ಹೆಸರು

ಇಂಗ್ಲೆಂಡಿನ ಈಶಾನ್ಯ ಭಾಗದ ಯಾರ್ಕ್ ನಗರದಿಂದ ಪೂರ್ವಕ್ಕೆ ಸುಮಾರು 8 ಮೈಲಿ ದೂರದಲ್ಲಿ ವಿಲ್ಬರ್‌ಫಾಸ್ ಎಂಬ ಹಳ್ಳಿಯಿದೆ. ಇದು ಯಾರ್ಕ್‌ಶೈರಿನ ಈಸ್ಟ್ ರೈಡಿಂಗ್ ಎಂಬ ವಿಭಾಗಕ್ಕೆ ಸೇರಿದೆ. ಹಳ್ಳಿಯ ದೇವಾಲಯ ಸ್ನಾನಿಕ ಸಂತ ಯೊವಾನ್ನರಿಗೆ ಸಮರ್ಪಿತವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಬೆನೆಡಿಕ್ಟೀನ್ ಸಭೆಯ ಕನ್ಯಾಮಠವೊಂದು ಸ್ಥಾಪಿತವಾಯಿತು. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ, ಅದೂ ಕೊನೆಗೊಂಡಿತು.

ಊರಿನ ಹೆಸರಿನಲ್ಲಿ ಎರಡು ಪದಗಳಿವೆ. ಉತ್ತರಾರ್ಧದ ‘ಫಾಸ್’ ಎಂಬುದು ಲ್ಯಾಟಿನಿನ ‘ಫೊಸ್ಸಾ’ ಶಬ್ದದಿಂದ ಪ್ರಾಚೀನ ಇಂಗ್ಲಿಷಿಗೆ ಬಂದದ್ದು. ತೋಡಿದ ಕಾಲುವೆ ಅಥವಾ ಅಗಳು ಎಂದು ಅದರ ಅರ್ಥ. ಪೂರ್ವಾರ್ಧವನ್ನು ವಿದ್ವಾಂಸರು ವಿಲ್‌ಬುರ್ಗ್ ಎಂಬ ವ್ಯಕ್ತಿನಾಮವೆಂದು ವಿವರಿಸುತ್ತಾರೆ. ಪ್ರಾಚೀನ ಇಂಗ್ಲಿಷಿನಲ್ಲಿ ‘ಬುರ್ಗ್’ ಎಂದು ಮುಗಿಯುವ ವ್ಯಕ್ತಿನಾಮಗಳು ಸ್ತ್ರೀಯರವು. ಸಂತ ಎಥೆಲ್‌ಬುರ್ಗಾ, ಸಂತ ವಾಲ್‌ಬುರ್ಗಾ ಎಂಬ ಹೆಸರುಗಳು ಧರ್ಮಸಭೆಯ ಸಂತರ ಪಟ್ಟಿಯಲ್ಲಿ ನಮಗೆ ಪರಿಚಿತವಾಗಿವೆ. ಹಾಗಾದರೆ ವಿಲ್ಬರ್‌ಫಾಸ್ ಎಂದರೆ ವಿಲ್‌ಬುರ್ಗ್ ಎಂಬಾಕೆಯ ಕಾಲುವೆ. ಆಕೆಯ ಬದುಕಿನ ಬೇರೆ ಯಾವ ಗುರುತೂ ಉಳಿದಿಲ್ಲ. ಸಾವಿರ ವರ್ಷಗಳ ಹಿಂದಿನ ಒಬ್ಬ ಹೆಣ್ಣುಮಗಳ ಹೆಸರು ಮೊದಲು ನೀರಿನ ಕಾಲುವೆಗೆ, ಅಲ್ಲಿಂದ ಊರಿಗೆ, ಊರಿನಿಂದ ಒಂದು ಮನೆತನಕ್ಕೆ ಹರಿದು ಬಂತು.

ಇಂಗ್ಲೆಂಡಿನಲ್ಲಿ ವಂಶಪಾರಂಪರ್ಯವಾದ ಕುಲನಾಮಗಳು 1066ರ ನಾರ್ಮನ್ ವಿಜಯದ ತರುವಾಯ ಮೆಲ್ಲಗೆ ರೂಢಿಗೆ ಬಂದವು. ಮೊದಲು ಜಮೀನುದಾರರು, ಆಮೇಲೆ ಉಳಿದವರು ಅವುಗಳನ್ನು ತಮ್ಮದಾಗಿಸಿಕೊಂಡರು. ಕಸುಬು, ತಂದೆಯ ಹೆಸರು, ದೇಹಲಕ್ಷಣ, ಊರು ಇವೇ ಈ ಹೆಸರುಗಳ ಮುಖ್ಯ ಮೂಲಗಳು. ಊರಿನಿಂದ ಬಂದ ಹೆಸರುಗಳಲ್ಲಿ ಒಂದು ವಿಶೇಷವಿದೆ. ಊರಿನ ಒಡೆಯನನ್ನು ಬಿಟ್ಟರೆ, ಊರಿನಲ್ಲಿಯೇ ಇರುವವರನ್ನು ಊರಿನ ಹೆಸರಿನಿಂದ ಗುರುತಿಸಿ ಪ್ರಯೋಜನವಿಲ್ಲ. ಊರು ಬಿಟ್ಟು ಹೊರಟವರಿಗೆ ಊರೇ ಹೆಸರಾಗುತ್ತದೆ. ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಧಾರವಾಡದ ಬಳಿಯ ಮನ್ಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ಸಂಗೀತಲೋಕಕ್ಕೆ ಮಲ್ಲಿಕಾರ್ಜುನ ಮನ್ಸೂರ ಆದರು. ಸಣ್ಣ ಹಳ್ಳಿಯೊಂದರಿಂದ ಹುಟ್ಟಿದ ಕುಲನಾಮವು ಒಂದೆರಡು ಮನೆತನಗಳಲ್ಲಿ ಮಾತ್ರ ಉಳಿಯುವುದು ಸಹಜ. ವಿಲ್ಬರ್‌ಫಾಸ್ ಎಂಬ ಕುಲನಾಮವೂ ಹೀಗೆ ಯಾರ್ಕ್‌ಶೈರಿನ ಆಚೆಗೆ ಅಪರೂಪವಾಗಿಯೇ ಉಳಿಯಿತು.

ಈ ಮನೆತನದ ಒಂದು ಶಾಖೆ ಕಾಲಕ್ರಮದಲ್ಲಿ ಬೆವರ್ಲಿ ಪಟ್ಟಣಕ್ಕೂ ಅಲ್ಲಿಂದ ಹಲ್ ಬಂದರಿಗೂ ಬಂದು, ಬಾಲ್ಟಿಕ್ ಸಮುದ್ರದ ದೇಶಗಳೊಡನೆ ವ್ಯಾಪಾರ ಮಾಡಿ ಸಿರಿವಂತವಾಯಿತು. ಹೋರಾಟಗಾರ ವಿಲ್ಬರ್‌ಫೋರ್ಸರ ಅಜ್ಜ, ಅವರ ಹೆಸರೂ ವಿಲಿಯಂ, ಎರಡು ಬಾರಿ ಹಲ್ ನಗರದ ಮೇಯರ್ ಆಗಿದ್ದರು. ಕುಲನಾಮದ ಬರಹವನ್ನು ವಿಲ್ಬರ್‌ಫಾಸ್ ಎಂಬುದರಿಂದ ವಿಲ್ಬರ್‌ಫೋರ್ಸ್ ಎಂದು ಬದಲಿಸಿದವರು ಈ ಅಜ್ಜನೇ ಎಂದು ಹೇಳಲಾಗುತ್ತದೆ. ‘ಫೋರ್ಸ್’ ಎಂದರೆ ಇಂಗ್ಲಿಷಿನಲ್ಲಿ ಬಲ. ಕಾಲುವೆಯ ಹೆಸರು ಬಲದ ಹೆಸರಾಯಿತು. ವಿಲ್‌ಬುರ್ಗ್ ಎಂಬ ಹೆಣ್ಣುಮಗಳು ಇನ್ನಷ್ಟು ಮರೆಯಾದಳು.

1759ರ ಎರಡು ಜ್ಞಾನಸ್ನಾನಗಳು

ವಿಲಿಯಂ ವಿಲ್ಬರ್‌ಫೋರ್ಸರು 1759ರ ಆಗಸ್ಟ್ 24ರಂದು ಹಲ್ ನಗರದಲ್ಲಿ ಜನಿಸಿ, ಅಲ್ಲಿನ ಪರಮ ತ್ರಿತ್ವದ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದರು. ಅವರಿಗೆ ಅಜ್ಜನ ಹೆಸರು ಬಂತು, ಮನೆತನದ ಹೆಸರು ಬಂತು, ಜೊತೆಗೆ ಮನೆತನದ ಆಸ್ತಿಯೂ ಬಂತು. ಹೆಸರು ರಕ್ತಸಂಬಂಧದಿಂದ ಇಳಿದು ಬರುವುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಬೇಕಿಲ್ಲ.

ಅದೇ 1759ರ ಫೆಬ್ರವರಿಯಲ್ಲಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿರುವ ಸಂತ ಮಾರ್ಗರೇಟರ ದೇವಾಲಯದಲ್ಲಿ ಒಬ್ಬ ಗುಲಾಮ ಹುಡುಗನಿಗೆ ಜ್ಞಾನಸ್ನಾನವಾಯಿತು. ದಾಖಲೆ ಪುಸ್ತಕದಲ್ಲಿ ಬರೆದುಕೊಂಡ ಹೆಸರು ಗುಸ್ಟಾವಸ್ ವಾಸಾ. ಅದು ಹದಿನಾರನೆಯ ಶತಮಾನದ ಸ್ವೀಡನ್ ದೊರೆಯ ಹೆಸರು. ಹುಡುಗನನ್ನು ಕೊಂಡಿದ್ದ ನೌಕಾಧಿಕಾರಿಯು ಅದನ್ನು ಹೇರಿದ್ದನು. ಅದಕ್ಕೆ ಮುನ್ನ ಒಬ್ಬರು ಆ ಹುಡುಗನನ್ನು ಜೇಕಬ್ ಎಂದೂ ಇನ್ನೊಬ್ಬರು ಮೈಕೆಲ್ ಎಂದೂ ಕರೆದಿದ್ದರು. ಹೊಸ ಹೆಸರನ್ನು ಮೊದಲು ಒಪ್ಪದೆ, ಏಟು ತಿಂದ ಮೇಲೆ ಒಪ್ಪಿಕೊಂಡ ಸಂಗತಿಯನ್ನು ಆತನೇ ಮುಂದೆ ಬರೆದಿದ್ದಾರೆ. 1766ರಲ್ಲಿ ಸ್ವಂತ ದುಡಿಮೆಯ ಹಣ ಕೊಟ್ಟು ಬಿಡುಗಡೆ ಪಡೆದ ಅವರು, 1789ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದರು. ಮುಖಪುಟದಲ್ಲಿ ಒಲಾಡಾ ಇಕ್ವಿಯಾನೊ ಎಂಬ ಹುಟ್ಟುಹೆಸರು ಮೊದಲು ಇದೆ. ಗುಸ್ಟಾವಸ್ ವಾಸಾ ಎಂಬುದು ಅದರ ನಂತರ. ಹೇರಿದ ಹೆಸರನ್ನು ಅವರು ಅಳಿಸಲಿಲ್ಲ, ಆದರೆ ಅದಕ್ಕೆ ಎರಡನೆಯ ಸ್ಥಾನ ಕೊಟ್ಟರು. ಅದೇ ವರ್ಷದ ಮೇ 12ರಂದು ವಿಲ್ಬರ್‌ಫೋರ್ಸರು ಕಾಮನ್ಸ್ ಸಭೆಯಲ್ಲಿ ಗುಲಾಮ ವ್ಯಾಪಾರದ ವಿರುದ್ಧ ತಮ್ಮ ಮೊದಲ ದೊಡ್ಡ ಭಾಷಣ ಮಾಡಿದರು. ಹೋರಾಟದ ಕೀರ್ತಿ ಬಹುಪಾಲು ಒಂದೇ ಹೆಸರಿಗೆ ಸಂದಿತು; ಇಕ್ವಿಯಾನೊ ಅವರ ಪುಸ್ತಕವೂ ಅದೇ ಹೋರಾಟದ ಆಧಾರಸ್ತಂಭವಾಗಿತ್ತು ಎಂಬುದನ್ನು ಇತಿಹಾಸಕಾರರು ಈಗ ಒತ್ತಿ ಹೇಳುತ್ತಿದ್ದಾರೆ.

ಇಕ್ವಿಯಾನೊ ಅವರಿಗೆ ಹೇರಿದ ಹೆಸರು ನಾಲಗೆಯ ಮೇಲಿನದು. ಮೈಮೇಲೆ ಸುಡಲ್ಪಟ್ಟ ಹೆಸರುಗಳೂ ಇದ್ದವು. ಕಾಡ್ರಿಂಗ್‌ಟನ್ ಎಂಬುದೂ ಇಂಗ್ಲೆಂಡಿನ ವಿರಳ ಕುಲನಾಮಗಳಲ್ಲಿ ಒಂದು. ವಿಲ್ಬರ್‌ಫೋರ್ಸ್ ಎಂಬುದರಂತೆಯೇ ಒಂದು ಹಳ್ಳಿಯಿಂದ, ಗ್ಲಾಸ್ಟರ್‌ಶೈರಿನ ಕಾಡ್ರಿಂಗ್‌ಟನ್ನಿನಿಂದ ಬಂದದ್ದು. ಆ ವಂಶದ ಕ್ರಿಸ್ಟಫರ್ ಕಾಡ್ರಿಂಗ್‌ಟನ್ 1710ರಲ್ಲಿ ತೀರಿಕೊಂಡಾಗ ಬಾರ್ಬಡೋಸ್ ದ್ವೀಪದಲ್ಲಿದ್ದ ತನ್ನ ಕಬ್ಬಿನ ತೋಟಗಳನ್ನು, ಗುಲಾಮರ ಸಮೇತ, ಆಂಗ್ಲಿಕನ್ ಸಭೆಯ ಸುವಾರ್ತಾ ಪ್ರಸಾರ ಸಂಘಕ್ಕೆ ಬರೆದುಕೊಟ್ಟನು. ಸಂಘವು ಆ ಗುಲಾಮರ ಎದೆಯ ಮೇಲೆ ಕಾಯಿಸಿದ ಕಬ್ಬಿಣದಿಂದ ‘ಸೊಸೈಟಿ’ ಎಂಬ ಪದದ ಬರೆ ಹಾಕಿಸುತ್ತಿತ್ತು. ಶುಭಸಂದೇಶ ಸಾರಲೆಂದೇ ಹುಟ್ಟಿದ ಸಂಘವೊಂದು ತನ್ನ ಹೆಸರನ್ನು ಮನುಷ್ಯರ ಚರ್ಮದ ಮೇಲೆ ಬರೆದ ಸಂಗತಿ ಇದು. ಗುಲಾಮಗಿರಿ ರದ್ದಾದಾಗ ಸಂಘವು ಅಲ್ಲಿನ 411 ಗುಲಾಮರ ಬಾಬ್ತು ಸರಕಾರದಿಂದ 8,823 ಪೌಂಡ್ ಪರಿಹಾರವನ್ನೂ ಪಡೆಯಿತು. 2006ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಮಹಾಸಭೆಯು ಇದಕ್ಕಾಗಿ ಕ್ಷಮೆ ಕೋರಿತು.

ಕಥೋಲಿಕರಾದ ನಾವು ಇದನ್ನು ಅನ್ಯರ ಪಾಪವೆಂದು ಓದಿ ಮುಗಿಸುವಂತಿಲ್ಲ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಯೇಸುಸಭೆಯ ಪ್ರಾಂತವು 1838ರಲ್ಲಿ ತನ್ನ 272 ಮಂದಿ ಗುಲಾಮರನ್ನು ಲೂಯಿಸಿಯಾನದ ತೋಟಗಳಿಗೆ ಮಾರಿತು. ಅವರು ಜ್ಞಾನಸ್ನಾನ ಪಡೆದ ಕಥೋಲಿಕರು. ಮಾರಾಟದ ಪಟ್ಟಿಯ ಮೊದಲ ಹೆಸರು ಐಸಾಕ್ ಎಂಬವರದು. ಅವರ ಕುಲನಾಮ ಹಾಕಿನ್ಸ್. ಗುಲಾಮ ವ್ಯಾಪಾರವನ್ನು ಖಂಡಿಸುವ ಜಗದ್ಗುರು ಹದಿನಾರನೆಯ ಗ್ರೆಗೊರಿಯವರ ಪ್ರೇಷಿತ ಪತ್ರ ಹೊರಬಿದ್ದದ್ದು ಅದರ ಮರುವರ್ಷ, 1839ರ ಡಿಸೆಂಬರಿನಲ್ಲಿ. ಮಾರಾಟವನ್ನು ನಡೆಸಿದ ಪ್ರಾಂತಾಧಿಕಾರಿಯ ಹೆಸರನ್ನು ಹೊತ್ತಿದ್ದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಕಟ್ಟಡಕ್ಕೆ 2017ರಲ್ಲಿ ಐಸಾಕ್ ಹಾಕಿನ್ಸರ ಹೆಸರನ್ನು ಇಡಲಾಯಿತು.

ಮೂರು ಬಗೆಯ ದಾಖಲೆ ಪುಸ್ತಕಗಳು

ಕುಲನಾಮದ ಇತಿಹಾಸವನ್ನು ಬರೆಯಲು ದಾಖಲೆ ಬೇಕು. ಇಂಗ್ಲೆಂಡಿನ ಪ್ರತಿ ಧರ್ಮಕೇಂದ್ರದಲ್ಲಿಯೂ ಜ್ಞಾನಸ್ನಾನ, ವಿವಾಹ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಆಜ್ಞೆ ಹೊರಡಿಸಿದನು. ಮಠಗಳನ್ನು ಮುಚ್ಚಿಸಿದ ಕೈಯೇ ಈ ಪುಸ್ತಕಗಳನ್ನೂ ತೆರೆಸಿತು. ಕಥೋಲಿಕ ಧರ್ಮಸಭೆಯಲ್ಲಿ ಟ್ರೆಂಟ್ ಮಹಾಸಭೆಯು 1563ರಲ್ಲಿ ವಿವಾಹ ಮತ್ತು ಜ್ಞಾನಸ್ನಾನಗಳ ದಾಖಲೆಯನ್ನು ಕಡ್ಡಾಯ ಮಾಡಿತು. ಈ ಪುಸ್ತಕಗಳಲ್ಲಿ ರಾಜನೂ ಕೂಲಿಯೂ ಒಂದೇ ಬಗೆಯ ಸಾಲಿನಲ್ಲಿ ಬರುತ್ತಾರೆ. ವಿರಳ ಕುಲನಾಮಗಳ ಜಾಡನ್ನು ನಾನೂರು ವರ್ಷ ಹಿಂದಕ್ಕೆ ಹಿಡಿಯಲು ಸಾಧ್ಯವಾಗಿರುವುದು ಇವುಗಳಿಂದಲೇ.

ಎರಡನೆಯ ಬಗೆಯ ಪುಸ್ತಕ ಗುಲಾಮರ ನೋಂದಣಿ. 1807ರ ಫೆಬ್ರವರಿ 23ರಂದು ಕಾಮನ್ಸ್ ಸಭೆಯು 16ರ ವಿರುದ್ಧ 283 ಮತಗಳಿಂದ ಗುಲಾಮ ವ್ಯಾಪಾರದ ನಿಷೇಧವನ್ನು ಅನುಮೋದಿಸಿತು. ಮಾರ್ಚ್ 25ರಂದು ಅದು ಶಾಸನವಾಯಿತು. ಆದರೆ ವ್ಯಾಪಾರ ನಿಂತರೂ ಗುಲಾಮಗಿರಿ ನಿಲ್ಲಲಿಲ್ಲ. ಕದ್ದು ತಂದವರನ್ನು ತೋಟಗಳಲ್ಲಿ ಅಡಗಿಸುವುದೂ ಸುಲಭವಾಗಿತ್ತು. ಅದನ್ನು ತಡೆಯಲು ವಿಲ್ಬರ್‌ಫೋರ್ಸರ ಭಾವನಾದ ಜೇಮ್ಸ್ ಸ್ಟೀಫನ್ ಪ್ರತಿಯೊಬ್ಬ ಗುಲಾಮನನ್ನೂ ಹೆಸರಿಡಿದು ನೋಂದಾಯಿಸುವ ಯೋಜನೆ ರೂಪಿಸಿದರು. 1812ರಲ್ಲಿ ಅದು ಟ್ರಿನಿಡಾಡಿನಲ್ಲಿ ಜಾರಿಗೆ ಬಂತು. 1815ರಲ್ಲಿ ವಿಲ್ಬರ್‌ಫೋರ್ಸರು ಸಂಸತ್ತಿನಲ್ಲಿ ನೋಂದಣಿ ಮಸೂದೆಯನ್ನು ಮಂಡಿಸಿದರು. ಅದು ಶಾಸನವಾಗದಿದ್ದರೂ ವಸಾಹತುಗಳು ಒಂದೊಂದಾಗಿ ನೋಂದಣಿ ಆರಂಭಿಸಬೇಕಾಯಿತು. ಒಡೆಯನ ಆಸ್ತಿಯ ಲೆಕ್ಕವೇ ಆದ ಈ ಪುಸ್ತಕಗಳಲ್ಲಿ ಹಲವರಿಗೆ ಒಂದೇ ಹೆಸರು, ಕುಲನಾಮವಿಲ್ಲ. ಆದರೂ ಇಂದು ಕೆರಿಬಿಯನ್ ದ್ವೀಪಗಳ ಜನ ತಮ್ಮ ಪೂರ್ವಜರನ್ನು ಹುಡುಕಬೇಕಾದರೆ ಮೊದಲು ಈ ಪುಸ್ತಕಗಳನ್ನೇ ತೆರೆಯುತ್ತಾರೆ.

ಮೂರನೆಯದು ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿನ ಫ್ರೀಟೌನಿನಲ್ಲಿ ಬರೆದ ಪುಸ್ತಕ. 1807ರ ಶಾಸನದ ಬಳಿಕ ಬ್ರಿಟಿಷ್ ನೌಕಾಪಡೆ ಸಮುದ್ರದಲ್ಲಿ ಗುಲಾಮರ ಹಡಗುಗಳನ್ನು ಹಿಡಿದು, ಬಂಧಿತರನ್ನು ಬಹುಮಟ್ಟಿಗೆ ಫ್ರೀಟೌನಿಗೆ ತಂದು ಇಳಿಸುತ್ತಿತ್ತು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಕ್ರಮಸಂಖ್ಯೆ ಕೊಟ್ಟು ಹೆಸರು, ಲಿಂಗ, ವಯಸ್ಸು, ಎತ್ತರ, ಮೈಮೇಲಿನ ಗುರುತುಗಳನ್ನು ಬರೆದುಕೊಳ್ಳಲಾಗುತ್ತಿತ್ತು. ಈ ಪುಸ್ತಕಗಳ ವಿಶೇಷವೆಂದರೆ ಅವರವರ ಬಾಯಿಂದ ಬಂದ ಆಫ್ರಿಕದ ಹುಟ್ಟುಹೆಸರುಗಳನ್ನೇ, ಬರೆಯುವವನ ಕಿವಿಗೆ ಕೇಳಿಸಿದಂತೆ, ದಾಖಲಿಸಿರುವುದು. ಬಿಡುಗಡೆ ಅಪೂರ್ಣವಾಗಿತ್ತು ನಿಜ. ಅವರನ್ನು 14 ವರ್ಷಗಳವರೆಗೆ ದುಡಿಮೆಯ ಕರಾರಿಗೆ ಕೊಡಲು ಅಥವಾ ಸೈನ್ಯಕ್ಕೆ ಸೇರಿಸಲು ಕಾನೂನಿನಲ್ಲಿ ಅವಕಾಶವಿತ್ತು. ಆದರೂ ಹೆಸರನ್ನು ಕೇಳಿ ಬರೆದುಕೊಳ್ಳುವುದಕ್ಕೂ ಹೆಸರನ್ನು ಹೇರುವುದಕ್ಕೂ ನಡುವೆ ಇರುವ ಅಂತರ ಈ ಹಾಳೆಗಳಲ್ಲಿ ಕಾಣುತ್ತದೆ.

ರಕ್ತದ ದಾರಿಯಲ್ಲಿ

ವಿಲ್ಬರ್‌ಫೋರ್ಸರಿಗೆ ಆರು ಮಂದಿ ಮಕ್ಕಳು. ಅವರಲ್ಲಿ ನಾಲ್ವರು ಗಂಡುಮಕ್ಕಳು. ಮನೆತನದ ಹೆಸರು ಈ ನಾಲ್ವರ ಮೂಲಕ ಮುಂದುವರಿಯಿತು. ಮೂರನೆಯ ಮಗ ಸಾಮ್ಯುವೆಲ್ ಆಕ್ಸ್‌ಫರ್ಡಿನ, ಬಳಿಕ ವಿಂಚೆಸ್ಟರಿನ ಆಂಗ್ಲಿಕನ್ ಧರ್ಮಾಧ್ಯಕ್ಷರಾದರು. ಡಾರ್ವಿನ್ನರ ವಿಕಾಸವಾದದ ಕುರಿತು 1860ರಲ್ಲಿ ಹಕ್ಸ್‌ಲಿಯವರೊಡನೆ ನಡೆದ ವಾಗ್ವಾದದಿಂದ ಅವರ ಹೆಸರು ಪ್ರಸಿದ್ಧ. ಉಳಿದ ಮೂವರು ಮಕ್ಕಳು, ಅಂದರೆ ವಿಲಿಯಂ, ರಾಬರ್ಟ್ ಐಸಾಕ್ ಮತ್ತು ಹೆನ್ರಿ, ಬೇರೆ ಬೇರೆ ಕಾಲದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಹೆನ್ರಿಯವರ ಮಗ ಬರ್ಟ್ರಂಡ್ ದೊಮಿನಿಕನ್ ಸಭೆಯ ಗುರುಗಳಾದರು.

ದೈವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದವರು ರಾಬರ್ಟ್ ಐಸಾಕ್ ವಿಲ್ಬರ್‌ಫೋರ್ಸ್. ಅವರು ಈಸ್ಟ್ ರೈಡಿಂಗಿನ ಆರ್ಚ್‌ಡೀಕನ್ ಆಗಿದ್ದರು. ಅಂದರೆ ತಮ್ಮ ಕುಲನಾಮ ಹುಟ್ಟಿದ ಹಳ್ಳಿಯಿರುವ ಸೀಮೆಗೇ ಮೇಲ್ವಿಚಾರಕರಾಗಿ ಬಂದಿದ್ದರು. ಪ್ರಭು ಯೇಸುವಿನ ಮನುಷ್ಯಾವತಾರದ ಕುರಿತು 1848ರಲ್ಲಿ ಅವರು ಪ್ರಕಟಿಸಿದ ಗ್ರಂಥ ಆ ಕಾಲದ ಇಂಗ್ಲಿಷ್ ದೈವಶಾಸ್ತ್ರದ ಗಂಭೀರ ಕೃತಿಗಳಲ್ಲೊಂದು. ಕ್ರಿಸ್ತರು ಒಬ್ಬ ವ್ಯಕ್ತಿ ಮಾತ್ರವಲ್ಲ, ನವೀಕೃತ ಮನುಕುಲದ ಶಿರಸ್ಸು. ಆದಾಮನಿಂದ ಹುಟ್ಟಿನ ಮೂಲಕ ಬಂದ ಒಗ್ಗಟ್ಟಿಗೆ ಪ್ರತಿಯಾಗಿ ಸಂಸ್ಕಾರಗಳ ಮೂಲಕ ನಾವು ಕ್ರಿಸ್ತರಲ್ಲಿ ಒಂದಾಗುತ್ತೇವೆ ಎಂಬುದು ಆ ಗ್ರಂಥದ ತಿರುಳು. 1854ರಲ್ಲಿ ತಮ್ಮ ಹುದ್ದೆಗಳನ್ನು ತ್ಯಜಿಸಿ ಕಥೋಲಿಕರಾದ ಅವರು, ಗುರುದೀಕ್ಷೆಗಾಗಿ ರೋಮಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, 1857ರಲ್ಲಿ, ಸಮೀಪದ ಆಲ್ಬಾನೊದಲ್ಲಿ ತೀರಿಕೊಂಡರು. ಕುಲದ ಹೆಸರಿನಿಂದ ದೊರೆತ ಮನ್ನಣೆಯನ್ನೆಲ್ಲ ಬಿಟ್ಟು ಹೊರಟವರು, ಮನುಕುಲದ ಏಕತೆ ರಕ್ತದಲ್ಲಿ ಮುಗಿಯುವುದಿಲ್ಲ ಎಂದು ಮೊದಲೇ ಬರೆದಿದ್ದರು.

ವಂಶದ ದಾರಿ ಒಮ್ಮೆ ಭಾರತದ ಮೂಲಕವೂ ಹಾದಿದೆ. ಇಪ್ಪತ್ತನೆಯ ಶತಮಾನದ ಬ್ರಿಟನ್ನಿನ ಹೆಸರಾಂತ ನ್ಯಾಯಾಧೀಶ ಲಾರ್ಡ್ ರಿಚರ್ಡ್ ವಿಲ್ಬರ್‌ಫೋರ್ಸ್ ಹುಟ್ಟಿದ್ದು 1907ರಲ್ಲಿ ಪಂಜಾಬಿನ ಜಲಂಧರದಲ್ಲಿ. ಆದರೂ ರಕ್ತದ ದಾರಿಯಲ್ಲಿ ಈ ಕುಲನಾಮ ಇಂದಿಗೂ ವಿರಳವೇ.

ಸಮುದ್ರದ ಆಚೆ

ಇನ್ನೊಂದು ದಾರಿಯಲ್ಲಿ ಅದು ಬಹುದೂರ ಹೋಯಿತು. ಫ್ರೀಟೌನಿನ ಬಳಿ, ಹಡಗುಗಳಿಂದ ಬಿಡಿಸಿ ತಂದವರ ನೆಲೆಗಾಗಿ ಹುಟ್ಟಿದ ಹಳ್ಳಿಗಳಲ್ಲಿ ಒಂದರ ಹೆಸರು ವಿಲ್ಬರ್‌ಫೋರ್ಸ್. ಅಮೆರಿಕದ ಸಿನ್‌ಸಿನಾಟಿಯಲ್ಲಿ ಕಿರುಕುಳ ತಾಳಲಾರದೆ ಹೊರಟ ಸ್ವತಂತ್ರ ಕಪ್ಪು ಜನರು 1829ರ ಸುಮಾರಿಗೆ ಕೆನಡಾದ ಒಂಟಾರಿಯೊದಲ್ಲಿ ಕಟ್ಟಿದ ವಸತಿಗೂ ಅದೇ ಹೆಸರು. ಒಹಾಯೊ ರಾಜ್ಯದಲ್ಲಿ 1856ರಲ್ಲಿ ಸ್ಥಾಪನೆಗೊಂಡ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯವನ್ನು 1863ರಲ್ಲಿ ಆಫ್ರಿಕನ್ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಯು ಧರ್ಮಾಧ್ಯಕ್ಷ ಡೇನಿಯಲ್ ಪೇನ್ ಅವರ ಮುಂದಾಳತ್ವದಲ್ಲಿ ಕೊಂಡುಕೊಂಡಿತು. ಕಪ್ಪು ಜನರೇ ಒಡೆತನ ಹೊಂದಿ ನಡೆಸಿದ ಅಮೆರಿಕದ ಮೊದಲ ಕಾಲೇಜು ಅದು. ಸಿಯೆರಾ ಲಿಯೋನ್, ನೈಜೀರಿಯ, ಕೆನ್ಯಾ, ಉಗಾಂಡ ದೇಶಗಳಲ್ಲಿ ವಿಲ್ಬರ್‌ಫೋರ್ಸ್ ಎಂಬುದು ಇಂದು ಜ್ಞಾನಸ್ನಾನದಲ್ಲಿ ಇಡುವ ವ್ಯಕ್ತಿನಾಮ. ಯಾರ್ಕ್‌ಶೈರಿನಲ್ಲಿ ಹೆಸರಿನ ಕೊನೆಯಲ್ಲಿದ್ದ ಪದ ಅಲ್ಲಿ ಹೆಸರಿನ ಮೊದಲಿಗೆ ಬಂದಿದೆ.

ಇದೇ ರೀತಿಯಲ್ಲಿ ದೂರ ಹೋದ ಇನ್ನೊಂದು ಕುಲನಾಮ ಕ್ರೌದರ್. ಅದೂ ಉತ್ತರ ಇಂಗ್ಲೆಂಡಿನದು. ತಂತಿವಾದ್ಯ ನುಡಿಸುವವನೆಂಬ ಕಸುಬಿನ ಹೆಸರು. 1822ರಲ್ಲಿ ಗುಲಾಮರ ಹಡಗಿನಿಂದ ಬಿಡುಗಡೆ ಹೊಂದಿ ಫ್ರೀಟೌನಿಗೆ ಬಂದ ಅಜಾಯಿ ಎಂಬ ಯೊರುಬ ಹುಡುಗ 1825ರಲ್ಲಿ ಜ್ಞಾನಸ್ನಾನ ಪಡೆದಾಗ, ಲಂಡನ್ನಿನ ಒಬ್ಬ ಸಭಾಪಾಲಕರ ಹೆಸರಾದ ಸಾಮ್ಯುವೆಲ್ ಕ್ರೌದರ್ ಎಂಬುದನ್ನು ಸ್ವೀಕರಿಸಿದರು. 1864ರಲ್ಲಿ ಅವರು ಆಂಗ್ಲಿಕನ್ ಸಭೆಯ ಮೊದಲ ಆಫ್ರಿಕನ್ ಧರ್ಮಾಧ್ಯಕ್ಷರಾದರು. ಅಜಾಯಿ ಎಂಬುದು ಯೊರುಬ ಜನರಲ್ಲಿ ಮುಖ ಕೆಳಗಾಗಿ ಹುಟ್ಟಿದ ಮಗುವಿಗೆ ಇಡುವ ಹೆಸರು. ಇತಿಹಾಸ ಇಂದು ಅವರನ್ನು ಸಾಮ್ಯುವೆಲ್ ಅಜಾಯಿ ಕ್ರೌದರ್ ಎಂದೇ ನೆನೆಯುತ್ತದೆ.

ಹಾಗೆಂದು ಸಮುದ್ರದಾಚೆಯ ಪ್ರತಿಯೊಂದು ವಿಲ್ಬರ್‌ಫೋರ್ಸನ್ನೂ ಸ್ವಾತಂತ್ರ್ಯದ ಗುರುತೆಂದು ಓದಬಾರದು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ ಹಾಕ್ಸ್‌ಬರಿ ನದಿಯ ದಂಡೆಯ ಪಟ್ಟಣಕ್ಕೆ 1810ರಲ್ಲಿ ಗವರ್ನರ್ ಮಕ್ವಾರಿ ಈ ಹೆಸರಿಟ್ಟನು. ಆ ನೆಲ ಮೂಲನಿವಾಸಿ ಧಾರುಗ್ ಜನರದು. ಬಿಡುಗಡೆಯ ಹೆಸರೇ ಅಲ್ಲಿ ಇನ್ನೊಂದು ಜನರ ನೆಲದ ಮೇಲೆ ಹೇರಿದ ಹೆಸರಾಯಿತು. ಹೆಸರಿನ ಪುಣ್ಯ ಅಕ್ಷರಗಳಲ್ಲಿಲ್ಲ. ಯಾರು, ಯಾರಿಗೆ, ಯಾವ ಅಧಿಕಾರದಿಂದ ಅದನ್ನು ಇಟ್ಟರು ಎಂಬುದರಲ್ಲಿದೆ.

ನಮ್ಮ ನಾಡಿನ ಕಡೆಗೆ

ಈ ಮಾತು ನಮಗೂ ಅನ್ವಯಿಸುತ್ತದೆ. 1813ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸನ್ನದನ್ನು ನವೀಕರಿಸುವಾಗ ಭಾರತಕ್ಕೆ ಮಿಶನರಿಗಳ ಪ್ರವೇಶಕ್ಕೆ ಕಾನೂನಿನ ದಾರಿ ತೆರೆಯಬೇಕೆಂದು ಪಟ್ಟು ಹಿಡಿದವರಲ್ಲಿ ವಿಲ್ಬರ್‌ಫೋರ್ಸರು ಮುಖ್ಯರು. ಅದಕ್ಕೂ ಮೊದಲೇ, 1810ರಲ್ಲಿ, ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲಿನ ಕನ್ನಡ ಅನುವಾದಕ್ಕೆ ಕೈಹಾಕಿದ್ದರು. 1813ರ ಶಾಸನ ಇಂಥ ಕೆಲಸಕ್ಕೆ ಭದ್ರತೆ ಕೊಟ್ಟಿತು. ಆದರೆ ಆ ಚರ್ಚೆಯಲ್ಲಿ ವಿಲ್ಬರ್‌ಫೋರ್ಸರು ಹಿಂದೂ ಧರ್ಮದ ಕುರಿತು ಆಡಿದ ಮಾತುಗಳು ಕಠೋರವಾಗಿದ್ದವು. ಆಫ್ರಿಕದವರ ಮಾನವ ಘನತೆಯನ್ನು ಕಂಡ ಕಣ್ಣಿಗೆ ಭಾರತೀಯರ ಭಕ್ತಿಯಲ್ಲಿ ಗೌರವಕ್ಕೆ ಅರ್ಹವಾದದ್ದು ಕಾಣಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಬದುಕುತ್ತಿರುವ ನಾವು ಈ ಕುರುಡುತನವನ್ನು ಹೆಸರಿಸದೆ ಅವರನ್ನು ಕೊಂಡಾಡುವುದು ಸರಿಯಲ್ಲ.

ಇನ್ನೊಂದು ಸಂಗತಿ ಹೆಚ್ಚು ನೋವಿನದು. 1833ರ ಜುಲೈ 29ರಂದು ವಿಲ್ಬರ್‌ಫೋರ್ಸರು ತೀರಿಕೊಂಡಾಗ ಗುಲಾಮಗಿರಿಯನ್ನು ರದ್ದುಪಡಿಸುವ ಮಸೂದೆಯ ಗೆಲುವು ಖಚಿತವಾಗಿತ್ತು. ಆಗಸ್ಟ್ 28ರಂದು ಅದು ಶಾಸನವಾಯಿತು. ಗುಲಾಮರ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟ, ಗುಲಾಮರಿಗೆ ಏನನ್ನೂ ಕೊಡದ ಆ ಶಾಸನವು ಕಂಪೆನಿಯ ಆಳ್ವಿಕೆಯ ಭಾರತವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಕೆನರಾ ಜಿಲ್ಲೆಯಲ್ಲಿ ಭೂಮಾಲಿಕರು ಕೊಳ್ಳುತ್ತಿದ್ದ, ಮಾರುತ್ತಿದ್ದ ಹೊಲದಾಳುಗಳನ್ನು ಫ್ರಾನ್ಸಿಸ್ ಬುಕನನ್ 1801ರ ತನ್ನ ಪ್ರವಾಸದಲ್ಲಿ ಕಂಡು ಬರೆದಿದ್ದನು. ಅವರ ಗುಲಾಮಗಿರಿಗೆ ಇದ್ದ ಕಾನೂನಿನ ಮಾನ್ಯತೆ ಹೋದದ್ದು 1843ರ ಐದನೆಯ ಶಾಸನದಿಂದ. ಜೀತಪದ್ಧತಿಯನ್ನು ರದ್ದುಪಡಿಸುವ ಶಾಸನಕ್ಕಾಗಿ ದೇಶ 1976ರವರೆಗೆ ಕಾಯಬೇಕಾಯಿತು. ಅವರ ಹೆಸರುಗಳನ್ನು ಬರೆದಿಟ್ಟ ಫ್ರೀಟೌನಿನಂಥ ಪುಸ್ತಕ ನಮ್ಮಲ್ಲಿ ಇಲ್ಲ. ವಿಲ್‌ಬುರ್ಗ್ ಎಂಬಾಕೆಗೆ ಒಂದು ಕಾಲುವೆಯಾದರೂ ದೊರೆಯಿತು. ಇವರು ತೋಡಿದ ಕಾಲುವೆಗಳಿಗೆ ಇವರ ಹೆಸರಿಲ್ಲ.

ನಮ್ಮ ಧರ್ಮಕೇಂದ್ರಗಳ ಪುಸ್ತಕಗಳಲ್ಲಿ ಈ ಮೂರೂ ದಾರಿಗಳ ಗುರುತು ಇದೆ. ಗೋವೆ ಮತ್ತು ಮಂಗಳೂರಿನ ಕೊಂಕಣಿ ಕಥೋಲಿಕರ ಪೋರ್ಚುಗೀಸ್ ಕುಲನಾಮಗಳು ಜ್ಞಾನಸ್ನಾನದ ಸಮಯದಲ್ಲಿ ಜ್ಞಾನಪಿತರಿಂದಲೋ ಸಂಸ್ಕಾರ ನೀಡಿದ ಗುರುಗಳಿಂದಲೋ ಬಂದವು. ಅದರ ಹಿಂದಿನ ಪ್ರಭು, ಕಾಮತ್, ನಾಯಕ್ ಎಂಬ ಮನೆತನದ ಹೆಸರುಗಳನ್ನು ಇಂದಿಗೂ ಮರೆಯದ ಕುಟುಂಬಗಳಿವೆ. ಹಳೆಯ ಮೈಸೂರು ಸೀಮೆಯಲ್ಲಿ ಬೇರೊಂದು ಕ್ರಮ ಬೆಳೆಯಿತು. ಪೇತ್ರರು ರಾಯಪ್ಪರಾದರು, ಪೌಲರು ಚಿನ್ನಪ್ಪರಾದರು, ಯೊವಾನ್ನರು ಅರುಳಪ್ಪರಾದರು. ಅರುಳ್ ಎಂದರೆ ಕೃಪೆ. ತಮಿಳಿನಿಂದ ನಮಗೆ ಬಂದ ಅರುಳಪ್ಪ ಎಂಬ ಹೆಸರು ಯೊವಾನ್ನ ಎಂಬುದರ ಅರ್ಥವನ್ನೇ ಹೇಳುತ್ತದೆ. ಎಲಿಜಬೇತರು ನೆಂಟರೆದುರು ನುಡಿದ ಹೆಸರು ನಮ್ಮ ಜನರ ನಾಲಗೆಗೆ ಒಗ್ಗಿ ಬಂದದ್ದು ಹೀಗೆ.

ಉಪಸಂಹಾರ

ಪವಿತ್ರ ಗ್ರಂಥವು ಹೇರಿದ ಹೆಸರನ್ನೂ ಬಲ್ಲದು, ಕೊಟ್ಟ ಹೆಸರನ್ನೂ ಬಲ್ಲದು. ಬಾಬಿಲೋನಿನ ಅರಮನೆಯಲ್ಲಿ ದಾನಿಯೇಲ ಮತ್ತು ಅವನ ಸಂಗಡಿಗರಿಗೆ ಬೇರೆ ಹೆಸರುಗಳನ್ನು ಹೇರಲಾಯಿತು; ಆದರೂ ಗ್ರಂಥ ಆತನನ್ನು ದಾನಿಯೇಲನೆಂದೇ ಕರೆಯುತ್ತದೆ. ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಗುಂಪಾಗಿ ಕರೆಯುವುದಿಲ್ಲ. ಒಂದೊಂದರ ಹೆಸರೂ ಆತನಿಗೆ ಗೊತ್ತು. ಸಂತ ಪೌಲರು ತಮ್ಮ ದೇಹದ ಮೇಲಿನ ಯೇಸುವಿನ ಗುರುತುಗಳ ಬಗ್ಗೆ ಬರೆಯುವಾಗ ಬಳಸಿದ ಗ್ರೀಕ್ ಪದ ಗುಲಾಮರ ಮೇಲಿನ ಬರೆಗೂ ಸಲ್ಲುತ್ತಿತ್ತು. ಆದರೆ ಆ ಗುರುತು ಸ್ವತಂತ್ರನಾದವನು ಪ್ರೀತಿಯಿಂದ ಹೊತ್ತದ್ದು. ಅದನ್ನು ಇನ್ನೊಬ್ಬನ ಎದೆಯ ಮೇಲೆ ಕಬ್ಬಿಣದಿಂದ ಒತ್ತಲು ಯಾವ ಧರ್ಮಸಂಘಕ್ಕೂ ಹಕ್ಕಿಲ್ಲ.

ವಿಲ್ಬರ್‌ಫೋರ್ಸ್ ಎಂಬ ಕುಲನಾಮವನ್ನು ರಕ್ತದಿಂದ ಪಡೆದವರ ಭೂಪಟ ಸಣ್ಣದು. ಆಫ್ರಿಕದ ಜ್ಞಾನಸ್ನಾನದ ಪುಸ್ತಕಗಳಲ್ಲಿರುವ ಅದೇ ಹೆಸರಿನ ಭೂಪಟ ದೊಡ್ಡದು. ಅಲ್ಲಿ ಅದನ್ನು ಧರಿಸಿದವರಿಗೂ ಯಾರ್ಕ್‌ಶೈರಿನ ಮನೆತನಕ್ಕೂ ರಕ್ತಸಂಬಂಧವಿಲ್ಲ. ನಿಮ್ಮ ಬಂಧುಬಳಗದಲ್ಲಿ ಆ ಹೆಸರಿನವರು ಯಾರೂ ಇಲ್ಲವಲ್ಲ ಎಂಬ ಆಕ್ಷೇಪಣೆಯನ್ನು ಅವರ ಮುಂದೆಯೂ ಇಡಬಹುದಾಗಿತ್ತು. ಜ್ಞಾನಸ್ನಾನವೇ ಅದಕ್ಕೆ ಉತ್ತರ: ಅದು ಹೊಸ ಬಂಧುಬಳಗವನ್ನು ಕೊಡುತ್ತದೆ, ಹಳೆಯದನ್ನು ಅಳಿಸುವುದಿಲ್ಲ.

ನಾಳೆ ಧರ್ಮಕೇಂದ್ರಗಳಿಗೆ ಹೋಗಲಿರುವ ಗುರುಮಠದ ವಿದ್ಯಾರ್ಥಿಗಳಿಗೆ ಇದರಲ್ಲಿ ಒಂದು ಸರಳ ಪಾಠವಿದೆ. ಜ್ಞಾನಸ್ನಾನದ ಪುಸ್ತಕವನ್ನು ತೆರೆದಾಗ ಹೆತ್ತವರನ್ನು ಕೂರಿಸಿಕೊಂಡು, ಮಗುವಿನ ಹೆಸರೇನೆಂದು ಕೇಳಿ, ಅವರು ಹೇಳುವವರೆಗೆ ಕಾಯಬೇಕು. ಅವರು ಉಚ್ಚರಿಸಿದಂತೆಯೇ ಬರೆಯಬೇಕು. ಬರೆಯಲು ಬಾರದ ತಾಯಿಯ ಹೆಸರನ್ನೂ ತಂದೆಯ ಹೆಸರಿನಷ್ಟೇ ಸ್ಪಷ್ಟವಾಗಿ, ತಪ್ಪಿಲ್ಲದೆ ಬರೆಯಬೇಕು. ಜಕರೀಯರಿಗೆ ಮಾತು ಮರಳಿ ಬಂದದ್ದು ಹಲಗೆಯ ಮೇಲೆ ಸರಿಯಾದ ಹೆಸರನ್ನು ಬರೆದ ಮೇಲೆಯೇ.